ಗೂಬೆ, ಹಾವು, ಹಿನ್ನೆರ್ಕ್

ಸೆಪ್ಟೆಂಬರ್ 19, ಗುರುವಾರ

ಎರಡನೇ ಕಾಫಿ. ಬೂಟು ಒಲೆ ಪಕ್ಕ ಒಣಗುತ್ತಿದೆ. ಮೊಣಕಾಲು ಇನ್ನೂ ಸೆಟೆದುಕೊಂಡೇ ಇದೆ.

ನಿನ್ನೆ ಹುಣ್ಣಿಮೆ. ಹಂದಿ ಬೇಟೆಯ ಅಟ್ಟಣೆ ಮೇಲೆ ನಾನು, ನನ್ನ ಗಂಡ ಹಿನ್ನೆರ್ಕ್, ಇಬ್ಬರೂ. ಒಂದು ಬೆಂಚು, ಒಂದು ಕಂಬಳಿ, ಒಂದು ಫ್ಲಾಸ್ಕು, ಎಂದಿನಂತೆ. ಹುಣ್ಣಿಮೆ ಚಂದ್ರನಿಗೆ ನಮ್ಮ ಬೇಟೆಯವರು ಹಂದಿಗಳ ಸೂರ್ಯ ಅನ್ನುತ್ತಾರೆ. ಸೂರ್ಯ ಹುಟ್ಟಿದ್ದೇನೋ ಹುಟ್ಟಿದ, ಸ್ವಲ್ಪ ಹೊತ್ತಿಗೇ ಮೋಡದ ಹಿಂದೆ ಹೋಗಿ ಕೂತ. ಮೆಕ್ಕೆಜೋಳದೊಳಗೆ ಹಂದಿಗಳು ತೆನೆ ಮುರಿಯುವ ಸದ್ದು. ಲಟಕ್, ಲಟಕ್... ಅಷ್ಟು ಹತ್ತಿರ. ಕಣ್ಣಿಗೆ ಮಾತ್ರ ಬರೀ ಮಸಿ. ಕಾಣದ್ದಕ್ಕೆ ಗುರಿ ಇಡುವವಳಲ್ಲ ನಾನು. ಕಾದೆ. ಮೋಡ ಸರಿಯುವ ಹೊತ್ತಿಗೆ ಸರಿಯಾಗಿ ಹಿನ್ನೆರ್ಕ್ ಕೆಮ್ಮಿದ.

ಇಡೀ ಹಿಂಡು ಪರಾರಿ.

"ಮೂವತ್ತು ವರ್ಷದಿಂದ ಪಕ್ಕದಲ್ಲಿ ಕೂತಿದ್ದೀನಿ, ಒಂದು ಕೆಮ್ಮಿಗೆ ಈ ಮುಖಾನಾ?" ಅಂದ.

"ಒಂದಾ? ಚಳಿಗಾಲದಿಂದ ಕೆಮ್ತಾನೇ ಇದ್ದೀಯ."

"ಹಂದಿಗಳಿಗೆ ಅಭ್ಯಾಸ ಆಗ್ಲಿ ಅಂತ ಕಣೇ."

ಇವನಿಗೆ ಬೇಟೆ ಲೈಸೆನ್ಸೂ ಇಲ್ಲ, ಅದರ ಆಸೆಯೂ ಇಲ್ಲ. ಹೊಡೆಯೋದು ನಿನ್ನ ಕೆಲಸ, ತಿನ್ನೋದು ನನ್ನದು ಅಂತ ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದ. ಆದರೂ ಒಂದು ಹುಣ್ಣಿಮೆ ತಪ್ಪಿಸಿದವನಲ್ಲ.

ಈಗ ತಾನೆ ಓಲ್ಟ್‌ಮನ್ ಬಂದು ಹೋದ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವನು. ಈಗ ಊರ ಭೂಮಾಲೀಕರ ಸಂಘಕ್ಕೆ ಅಧ್ಯಕ್ಷ. ಈಗ ನಮ್ಮ ಹತ್ತಿರ ಇರುವ ಬೇಟೆ ಗುತ್ತಿಗೆ ಮುಂದೆ ಯಾರಿಗೆ ಅನ್ನೋದು ಅವರ ಸಭೆಯ ಕೈಯಲ್ಲಿದೆ; ಗುತ್ತಿಗೆ ಹಿಡಿದವರು ಹಂದಿ ಹೊಡೆದು ಬೆಳೆ ಕಾಯಬೇಕು. ಬಾಗಿಲಲ್ಲೇ ನಿಂತು ಟೋಪಿ ತಿರುವಿದ.

"ವೀಬ್ಕೆ, ಬೇಜಾರು ಮಾಡ್ಕೋಬೇಡ. ಜೋಳ ಅರ್ಧ ಹೋಯ್ತು. ಹುಲ್ಲುಗಾವಲು ಉತ್ತ ಹಾಗಾಗಿದೆ. ನವೆಂಬರಲ್ಲಿ ಸಭೆ ಇದೆ. ಹ್ಯಾಂಬರ್ಗಿನ ಆ ಹಲ್ಲಿನ ಡಾಕ್ಟ್ರು ಗುತ್ತಿಗೆ ಕೇಳ್ತಿದ್ದಾನೆ. ಅವನ ಹತ್ರ ಕತ್ತಲಲ್ಲಿ ಕಾಣೋ ಮಿಷನ್ ಎಲ್ಲಾ ಇದೆಯಂತೆ."

"ನಮ್ಮ ಹತ್ರ ಚಂದ್ರ ಇದ್ದಾನೆ," ಅಂದ ಹಿನ್ನೆರ್ಕ್ ಒಳಗಿನಿಂದ.

"ಅವನು ತಿಂಗಳಿಗೊಂದ್ಸಲ ಕೆಲಸಕ್ಕೆ ಬರ್ತಾನೆ ಕಣಪ್ಪ. ಹಂದಿ ದಿನಾ ಬರ್ತಾವೆ."

ನನ್ನಪ್ಪ ಬೇಟೆಗೆ ಕೂತಿದ್ದ ಕಾಡು ಅದು. ಹಲ್ಲಿನ ಡಾಕ್ಟರು ಬಂದರೆ ಮೊದಲು ಕೀಳುವುದು ನಮ್ಮ ಅಟ್ಟಣೆಯನ್ನೇ. ಆಮೇಲೆ ನಾವಿಬ್ಬರು ರಾತ್ರಿ ಎಲ್ಲಿ ಕೂರುವುದು? ಟಿವಿ ಮುಂದೆ?

ಸೆಪ್ಟೆಂಬರ್ 21, ಶನಿವಾರ

ಅಣ್ಣನ ಮಗ ತಿಲ್ಮಾನ್ ಬಂದಿದ್ದ, ಬೇಟೆ ಸಾಮಾನು ಮಾರುವವನು. ಅವನ ಕಾರಿನ ಡಿಕ್ಕಿ ಅಂದರೆ ಒಂದು ಅಂಗಡಿ. ಕತ್ತಲಲ್ಲಿ ಕಾಣಿಸುವ ಎರಡು ಯಂತ್ರ ತಂದಿದ್ದ. ಎರಡೂ ಮುಷ್ಟಿಗಿಂತ ತುಸು ದೊಡ್ಡವು, ಕೋವಿಯ ದುರ್ಬೀನಿನ ಮುಂದೆ ಸಿಕ್ಕಿಸುವಂಥವು. ಸಭೆಯ ತನಕ ಎರಡನ್ನೂ ಇಟ್ಟುಕೊಂಡು ನೋಡಿ, ಯಾವುದು ಸರಿ ಬರುತ್ತೋ ಅದನ್ನು ಕೊಳ್ಳಿ ಅಂತ.

ಕತ್ತಲಾದ ಮೇಲೆ ತರಕಾರಿ ತೋಟದಲ್ಲಿ ಪರೀಕ್ಷೆ.

ಮೊದಲನೆಯದು ನೈಟ್ ವಿಷನ್. ಚೂರುಪಾರು ಬೆಳಕನ್ನೇ ಹಿಗ್ಗಿಸಿ ತೋರಿಸುತ್ತದೆ. ಬೆಳಕೇ ಇಲ್ಲದಿದ್ದರೆ ಕಣ್ಣಿಗೆ ಕಾಣದ ಒಂದು ದೀಪ ಹಾಕಿಕೊಳ್ಳುತ್ತದೆ. ಎಲೆಕೋಸಿನ ನರ ಕೂಡ ಕಂಡಿತು. ಹಂದಿಮರಿಯ ಮೈಮೇಲಿನ ಪಟ್ಟೆಯೂ ಕಾಣುತ್ತಂತೆ.

ಎರಡನೆಯದು ಥರ್ಮಲ್. ಬೆಳಕಿನ ಹಂಗೇ ಇಲ್ಲ. ಮೈ ಬಿಸಿ ಇದ್ದದ್ದು ಬೆಳ್ಳಗೆ, ತಣ್ಣಗಿದ್ದದ್ದು ಕಪ್ಪಗೆ. ಬೇಲಿಯಾಚೆ ಇಲಿ ಓಡಿದ್ದು ಕಂಡಿತು! ಆದರೆ ಪಟ್ಟೆ ಇಲ್ಲ, ಕೂದಲಿಲ್ಲ, ಮುಖ ಇಲ್ಲ. ಬಿಳಿ ಉಂಡೆ ಅಷ್ಟೇ.

"ಇದು ಗೂಬೆ, ಅದು ಹಾವು," ಅಂತ ಹಿನ್ನೆರ್ಕ್ ನಾಮಕರಣ ಮಾಡಿದ. ಹಾವಿಗೆ ಶಾಖ ಕಾಣುತ್ತಂತೆ, ಎಲ್ಲೋ ಓದಿದ್ದಾನೆ.

ಹಾವನ್ನು ಅವನ ಕಡೆ ತಿರುಗಿಸಿದೆ. ಬೋಳುತಲೆ ಬಲ್ಬಿನ ಹಾಗೆ ಉರಿಯುತ್ತಿತ್ತು. ಹೊಟ್ಟೆಯೂ.

"ಅತ್ತೆ, ಒಂದು ಮಾತು," ಅಂದ ತಿಲ್ಮಾನ್. "ಹುಡುಕೋಕೆ ಹಾವು, ಗುರುತು ಹಿಡಿಯೋಕೆ ಗೂಬೆ. ನಿಜವಾಗ್ಲೂ ಎರಡೂ ಬೇಕು. ಹುಡುಕೋದು ಕೈಯಲ್ಲಿ ಹಿಡ್ಕೊಳ್ಳೋ ಥರದ್ದು ಇರ್ಬೇಕು. ಕೋವಿ ಎತ್ತಿ ಅದರಲ್ಲೇ ಸುತ್ತ ನೋಡ್ಬಾರ್ದು."

"ನನಗೆ ಪಾಠ ಹೇಳ್ತೀಯೇನೋ? ನೀನು ಡಯಾಪರ್‌ನಲ್ಲಿದ್ದಾಗ್ಲೇ ನಾನು ಹಂದಿ ಹೊಡೀತಿದ್ದೆ."

"ಅದಕ್ಕೇ ಹೇಳ್ದೆ."

ಹಿನ್ನೆರ್ಕ್ ಕೇಳಿದ: "ಹಾಗಾದ್ರೆ ಇನ್ಮೇಲೆ ಅಮಾವಾಸ್ಯೆಗೂ ಹೋಗ್ಬಹುದು?"

"ಹೂಂ. ಇನ್ಮೇಲೆ ಚಂದ್ರನೂ ಬೇಡ, ನೀನೂ ಬೇಡ. ಮನೇಲಿ ಬೆಚ್ಚಗೆ ಕೆಮ್ಕೊಂಡಿರು."

ನಗುತ್ತಲೇ ಅಂದದ್ದು. ಅವನೂ ನಕ್ಕ. ಆಮೇಲೆ ಅಟ್ಟಣೆಯ ಏಣಿ ವಿಷಯ ತೆಗೆದ. ಆಗಸ್ಟಿನಲ್ಲಿ, ಹುಣ್ಣಿಮೆ ಮುಗಿದ ಮರುದಿನ, ಒಬ್ಬಳೇ ಹೋಗಿ, ಇಳಿಯುವಾಗ ಜಾರಿ, ಪಾದ ಉಳುಕಿ, ಬೆಳಗಿನ ತನಕ ಒದ್ದೆ ಹುಲ್ಲಿನಲ್ಲಿ ಬಿದ್ದಿದ್ದೆನಲ್ಲ, ಅದು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. "ಅದು ಆಗಿಹೋದ ಕಥೆ" ಅಂದೆ.

ಸೆಪ್ಟೆಂಬರ್ 27, ಶುಕ್ರವಾರ

ಗೂಬೆಯ ಜೊತೆ ಮೂರನೇ ರಾತ್ರಿ. ಏನೂ ಇಲ್ಲ. ಒಂದು ಮೊಲ, ಒಂದು ನರಿ. ನರಿಯ ಮೀಸೆ ಎಣಿಸಬಹುದಿತ್ತು, ಅಷ್ಟು ಸ್ಪಷ್ಟ.

ಗಾಳಿ ಬಲಗಡೆಯಿಂದ. ಹಂದಿಗಳು ಎಡಗಡೆಯ ಆಲ್ಡರ್ ತೋಪಿನಿಂದ ಕಾಲುವೆಗುಂಟ ಬರುವವು. ನಾನು ಎತ್ತರದಲ್ಲಿದ್ದೇನೆ, ನನ್ನ ವಾಸನೆ ಅವುಗಳ ತಲೆಯ ಮೇಲೆ ಹಾದುಹೋಗಬೇಕು. ಮತ್ತೇಕೆ ಬರುತ್ತಿಲ್ಲ?

ಬೆಂಚಿನ ಆ ತುದಿ ಖಾಲಿ. ಕಂಬಳಿ ಪೂರ್ತಿ ನನಗೇ. ಆದರೂ ಚಳಿ. ಒಂದು ಸಲ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಪಕ್ಕಕ್ಕೆ ಚಾಚಿದೆ. ಅಭ್ಯಾಸಬಲ. ಯಾರೂ ನೋಡಲಿಲ್ಲ ಸದ್ಯ.

ಮನೆಗೆ ಬಂದಾಗ ಹಿನ್ನೆರ್ಕ್‌ಗೆ ನಿದ್ದೆ. ನಾಯಿ ಮ್ಯೂಕೆ ಒಲೆ ಮುಂದೆ, ಹೊಟ್ಟೆ ಪೂರ್ತಿ ಒದ್ದೆ, ಕಿವಿಗೆಲ್ಲ ಮುಳ್ಳುಕಾಯಿ. ಸಂಜೆ ವಾಕಿಂಗ್ ಕರೆದುಕೊಂಡು ಹೋಗಿದ್ದನಂತೆ.

ಸೆಪ್ಟೆಂಬರ್ 30, ಸೋಮವಾರ

ಮತ್ತೆ ಸೊನ್ನೆ. ಮಧ್ಯೆ ಒಂದು ರಾತ್ರಿ ಸೊಂಟ ನೋವು ಅಂತ ಮಲಗಿದ್ದೆ ನೋಡಿ, ಅವತ್ತೇ ಬಂದು ಓಲ್ಟ್‌ಮನ್‌ನ ಹುಲ್ಲುಗಾವಲನ್ನು ಅಡಿಮೇಲು ಮಾಡಿ ಹೋಗಿವೆ.

"ನೀನು ಹೋದ ರಾತ್ರಿ ಬರಲ್ಲ, ಹೋಗದ ರಾತ್ರಿ ಬರ್ತಾವೆ," ಅಂದ ಓಲ್ಟ್‌ಮನ್. "ನಿನ್ನ ಟೈಮ್‌ಟೇಬಲ್ ಯಾರೋ ಅವಕ್ಕೆ ಕೊಟ್ಟಿದ್ದಾರೆ."

"ಆ ಗೂಬೆಯ ದೀಪ ಹಂದಿಗಳಿಗೆ ಕಾಣಿಸುತ್ತೇನೋ," ಅಂದೆ ಮನೆಯಲ್ಲಿ.

"ಇರಬಹುದು, ಇರಬಹುದು," ಅಂದ ಹಿನ್ನೆರ್ಕ್. ಅಷ್ಟು ಬೇಗ ಒಪ್ಪುವ ಮನುಷ್ಯ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಹೇಳಿಯೇ ಹೇಳುತ್ತಾನೆ ಅಂದುಕೊಂಡಿದ್ದೆ. ಹೇಳಲಿಲ್ಲ. ಪಾಪ, ನನ್ನ ಮನಸ್ಸು ನೋಯಿಸಬಾರದು ಅಂತ ಇರಬೇಕು.

ಇನ್ಮೇಲೆ ಹಾವು.

ಅಕ್ಟೋಬರ್ 3, ಗುರುವಾರ

ಹಿನ್ನೆರ್ಕ್ ಪ್ಲಮ್ ಕೇಕ್ ಮಾಡಿದ್ದಾನೆ. ಸ್ಕೂಲ್ ಬಸ್ ಓಡಿಸುತ್ತಿದ್ದವನು ನಿವೃತ್ತನಾದ ಮೇಲೆ ಕಲಿತ ಒಂದೇ ವಿದ್ಯೆ. ಹಿಟ್ಟು ಮೇಜಿಗಿಂತ ಅವನ ಮೇಲೇ ಹೆಚ್ಚು. ದೊಡ್ಡ ತುಂಡನ್ನು ನಾಳೆಗೆ ಅಂತ ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದ.

"ಜೋಳದ ಕಡೆ ಮುಖ ಮಾಡಿ ತಾನೇ ಕೂರೋದು?"

"ಮತ್ತೆ? ಚರ್ಚಿನ ಕಡೆ ಮಾಡ್ಲಾ?"

"ಸುಮ್ನೆ ಕೇಳ್ದೆ."

ನಾಳೆ ಹೋಗುವೆ. ಮೋಡ. ಕಗ್ಗತ್ತಲು. ಹಾವಿಗೆ ಹೇಳಿ ಮಾಡಿಸಿದ ರಾತ್ರಿ.

ಅಕ್ಟೋಬರ್ 5

ಬರೆಯಲು ಆಗುತ್ತಿಲ್ಲ.

ಅಕ್ಟೋಬರ್ 10, ಗುರುವಾರ

ಬರೆದುಬಿಡುತ್ತೇನೆ. ಯಾರಿಗೂ ಹೇಳಿಲ್ಲ, ಇಲ್ಲಾದರೂ ಹೇಳದಿದ್ದರೆ ಹುಚ್ಚು ಹಿಡಿಯುತ್ತದೆ.

ನಾಲ್ಕನೇ ತಾರೀಖು ರಾತ್ರಿ. ಹಾವನ್ನು ಕೋವಿಗೆ ಸಿಕ್ಕಿಸಿ ಕೂತಿದ್ದೆ. ಜೋಳದ ಕಡೆ ಏನೂ ಇಲ್ಲ. ಬೇಜಾರು. ಯಂತ್ರ ಕೈಯಲ್ಲಿದ್ದರೆ ಮನಸ್ಸು ಕೋತಿ. ಕೋವಿ ಎತ್ತಿ ಅದರಲ್ಲೇ ಸುತ್ತ ನೋಡತೊಡಗಿದೆ, ಮಾಡಬಾರದು ಅಂತ ಅಣ್ಣನ ಮಗನೂ ಹೇಳಿದ್ದನ್ನೇ. ಎಡಕ್ಕೆ, ಬಲಕ್ಕೆ. ಮೂವತ್ತು ವರ್ಷದಲ್ಲಿ ಬೆನ್ನ ಹಿಂದೆ ತಿರುಗಿದವಳಲ್ಲ. ತಿರುಗಿದರೆ ತಾನೇ ಏನು ಕಾಣುತ್ತಿತ್ತು, ಕತ್ತಲು. ಈಗ ಕಾಣುತ್ತದಲ್ಲ... ತಿರುಗಿದೆ.

ಬಲಗಡೆ ಹಿಂದೆ, ಹೇಸಲ್ ಪೊದೆಯ ಬುಡದಲ್ಲಿ ಬಿಳಿ ಉಂಡೆ. ದೊಡ್ಡದು. ನೆಲಕ್ಕೆ ಅಂಟಿಕೊಂಡು ಕೂತಿತ್ತು. ಎಲೆಗಳ ಮರೆಯಿಂದ ಅರ್ಧಂಬರ್ಧ. ಒಂಟಿ ಹಂದಿ, ಭಾರಿ ಗಂಡು ಅಂದುಕೊಂಡೆ. ಇದೇ ಓಲ್ಟ್‌ಮನ್‌ನ ಹುಲ್ಲು ಉತ್ತಿದ್ದು. ಖುಷಿಯಾಯಿತು. ಹೌದು, ಖುಷಿ. ಸೇಫ್ಟಿ ತಳ್ಳಿದೆ. ಉಸಿರು ಬಿಟ್ಟೆ. ಬೆರಳು ಹೋಗಿ ಅದರ ಜಾಗದಲ್ಲಿ ಕೂತಿತು.

ಆಗ ಪಕ್ಕದಲ್ಲಿ ಇನ್ನೊಂದು ಕಂಡಿತು. ಚಿಕ್ಕ ಉಂಡೆ. ದೊಡ್ಡದಕ್ಕೆ ಒತ್ತಿಕೊಂಡು ಮಲಗಿತ್ತು.

ಮರಿ ಇದೆ. ಹಾಗಾದರೆ ಇದು ತಾಯಿ.

ಮರಿ ಇರುವ ತಾಯಿಗೆ ಈಡು ಹೊಡೆಯುವುದಿಲ್ಲ. ಕಾನೂನು ಆಮೇಲಿನ ಮಾತು. ಅಪ್ಪ ನನ್ನ ಕೈಗೆ ಕೋವಿ ಕೊಡುವ ಮೊದಲೇ ತಲೆಗೆ ಹಾಕಿದ್ದು ಅದನ್ನು. ತಾಯಿ ಹೋದರೆ ಮರಿಗಳು ಹಸಿದು ಸಾಯುತ್ತವೆ, ಅದಕ್ಕಿಂತ ದೊಡ್ಡ ಪಾಪ ನಮ್ಮವರಲ್ಲಿ ಇಲ್ಲ. ಬೆರಳು ತಾನಾಗಿಯೇ ಈಚೆ ಬಂತು. ಥತ್, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಶಪಿಸಿಕೊಂಡೆ ಕೂಡ.

ಆ ದೊಡ್ಡ ಉಂಡೆ ಎದ್ದು ಎರಡು ಕಾಲ ಮೇಲೆ ನಿಂತಿತು. ಸೊಂಟ ನೀವಿಕೊಂಡಿತು. ಬಾಗಿ, ಫ್ಲಾಸ್ಕಿನಿಂದ ಏನೋ ಬಗ್ಗಿಸಿಕೊಂಡು ಕುಡಿಯಿತು. ಚಿಕ್ಕದು ಬಾಲ ಅಲ್ಲಾಡಿಸಿತು.

ನನ್ನ ಹಿನ್ನೆರ್ಕ್. ನನ್ನ ಮ್ಯೂಕೆ.

ಕೋವಿಯಿಂದ ಗುಂಡು ಹೊರತೆಗೆದೆ. ಹೇಗೆ ತೆಗೆದೆನೋ. ಒಂದು ಕೆಳಗೆ ಬಿತ್ತು, ಇನ್ನೂ ಹುಲ್ಲಿನಲ್ಲೇ ಇರಬೇಕು. ಹಾವನ್ನು ಕೋವಿಯಿಂದ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದೆ. ನೋಡುತ್ತಲೇ ಇದ್ದೆ. ಅವನು ಮತ್ತೆ ಕೂತ. ನಾಯಿಯನ್ನು ಕೋಟಿನೊಳಗೆ ಸೇರಿಸಿಕೊಂಡ. ಬಹಳ ಹೊತ್ತಾದ ಮೇಲೆ ಸ್ಟೂಲು ಮಡಚಿ ಎದ್ದ. ಹೋಗುವ ಮೊದಲು ಅಟ್ಟಣೆಯ ಕಡೆ ತಿರುಗಿ ಸ್ವಲ್ಪ ನಿಂತ. ಅವನಿಗೆ ನಾನು ಕಾಣುತ್ತಿರಲಿಲ್ಲ. ನನಗೆ ಅವನು ಬೆಳ್ಳಗೆ, ಇಡಿಯಾಗಿ ಕಾಣುತ್ತಿದ್ದ. ಪೊದೆಸಾಲು ಹಿಡಿದು ಮನೆ ಕಡೆ ಹೋದ, ನನಗಿಂತ ಮೊದಲು ಹಾಸಿಗೆ ಸೇರಿ ನಿದ್ದೆಯ ನಾಟಕ ಆಡಲು.

ಹಂದಿಗಳು ಯಾಕೆ ಬರುತ್ತಿರಲಿಲ್ಲ ಅನ್ನುವುದೂ ಆಗಲೇ ಹೊಳೆಯಿತು. ಗಾಳಿ ಬಲಗಡೆಯಿಂದ. ನೆಲದಲ್ಲಿ ಕೂತವನ ವಾಸನೆ ನೇರ ಕಾಲುವೆಗೆ, ಅವುಗಳ ಮೂಗಿಗೆ.

ಮನೆಗೆ ಬಂದು ಪಕ್ಕದಲ್ಲಿ ಮಲಗಿದೆ. ಅವನ ಪಾದ ಮಂಜುಗಡ್ಡೆ. ನನ್ನ ಪಾದದಿಂದ ಅವನ್ನು ಒತ್ತಿ ಹಿಡಿದೆ. "ತಣ್ಣಗಿದ್ದೀಯ" ಅಂದ, ನಿದ್ದೆಗಣ್ಣಿನವನ ಹಾಗೆ. ಅವನು! ನನಗೆ!

ಅಕ್ಟೋಬರ್ 11, ಶುಕ್ರವಾರ

ಕೋವಿ ಬೀರುವಿನಲ್ಲಿ. ಬೀಗ. ಜೋಳ ಕೊಯ್ಲಾಯಿತು, ಹಂದಿಗಳು ಈಗ ಪೂರ್ತಿ ಹುಲ್ಲುಗಾವಲಿನ ಮೇಲೆ. ಓಲ್ಟ್‌ಮನ್ ಫೋನು, ತೆಗೆಯಲಿಲ್ಲ. ತಿಲ್ಮಾನ್ ಫೋನು: "ಯಾವ್ದು ಚೆನ್ನಾಗಿದೆ ಅತ್ತೆ? ಹಾವಲ್ಲಿ ಏನಾದ್ರೂ ಕಾಣಿಸ್ತಾ?" ಕಾಣಿಸ್ತು ಅಂದೆ.

ಹಿನ್ನೆರ್ಕ್ ನನ್ನನ್ನು ಕದ್ದು ಕದ್ದು ನೋಡುತ್ತಾನೆ. ಬಟಾಣಿ ಸೂಪು ಮಾಡಿದ. ಸೊಂಟಕ್ಕೆ ಎಣ್ಣೆ ತಿಕ್ಕಲಾ ಅಂತ ಕೇಳಿದ. ಹಂದಿ ಸಿಗಲಿಲ್ಲ ಅಂತ ನಾನು ಸೋತುಹೋಗಿದ್ದೇನೆ ಅಂದುಕೊಂಡಿದ್ದಾನೆ. ಅವನು ಮೆಟ್ಟಿಲಿಳಿಯುವ ಸದ್ದು ಕೇಳಿದರೂ ಅಳು ಬರುತ್ತದೆ. ಎಷ್ಟೊಂದು ಸದ್ದು ಮಾಡುತ್ತಾನೆ ಈ ಮನುಷ್ಯ. ಮಾಡಲಿ.

ಅಕ್ಟೋಬರ್ 13, ಭಾನುವಾರ

ಹೇಳಿಬಿಟ್ಟೆ.

ಬೆಳಗಿನ ತಿಂಡಿ. ಅವನೇ ಶುರು ಮಾಡಿದ: "ಇವತ್ತು ಹೋಗು ವೀಬ್ಕೆ. ಇವತ್ತು ಬಂದೇ ಬರ್ತಾವೆ, ನನ್ನ ಮನಸ್ಸು ಹೇಳ್ತಿದೆ."

"ನೀನೆಲ್ಲಿ ಕೂರ್ತೀಯ? ಅದೇ ಹೇಸಲ್ ಪೊದೆ ಹತ್ರಾನಾ?"

ಬೆಣ್ಣೆ ಸವರುತ್ತಿದ್ದ ಚಾಕು ನಿಂತಿತು. "ಯಾರು ಹೇಳಿದ್ರು?"

"ಹಾವು."

"ಓ. ಅದಕ್ಕೆ ಅಷ್ಟೆಲ್ಲಾ ಕಾಣುತ್ತಾ?"

"ಕೋವಿ ಮೇಲಿತ್ತು ಅದು. ಕೋವಿಯಲ್ಲಿ ನೋಡ್ದೆ ನಿನ್ನ. ಹಂದಿ ಅಂದ್ಕೊಂಡೆ ಹಿನ್ನೆರ್ಕ್. ಸೇಫ್ಟಿ ತೆಗೆದಿದ್ದೆ... ಬೆರಳು ಇಟ್ಟಿದ್ದೆ."

ಮುಂದಕ್ಕೆ ಆಗಲಿಲ್ಲ. ಮರಿ ಅಂದುಕೊಂಡದ್ದನ್ನು ಹೇಗೋ ಹೇಳಿದೆ. ಅವನು ಬ್ರೆಡ್ಡಿನ ಅಂಚಿನ ತನಕ ಬೆಣ್ಣೆ ಸವರಿದ, ನಿಧಾನಕ್ಕೆ, ಒಂದು ಮೂಲೆಯೂ ಬಿಡದೆ. ಆಮೇಲೆ ಕೇಳಿದ:

"ಅಷ್ಟು ದಪ್ಪ ಕಾಣಿಸ್ತಿದ್ನಾ?"

ಒರೆಸುವ ಬಟ್ಟೆ ತೆಗೆದು ಮುಖಕ್ಕೆ ಎಸೆದೆ. ಹಲ್ಕಾ ಮುದುಕ ಅಂದೆ. ಇನ್ನೂ ಏನೇನೋ ಅಂದೆ. ಬೇಟೆಯವಳ ಮನೆಯಲ್ಲಿ ಮೂವತ್ತು ವರ್ಷ ಉಂಡವನು, ಹೇಳದೆ ಕೇಳದೆ ಕತ್ತಲಲ್ಲಿ ಕೋವಿ ಮುಂದೆ ಹೋಗಿ ಕೂರುತ್ತಾನೆಯೇ? ಕೂಗಾಡಿದೆ. ಅವನು ಮೇಜು ಬಳಸಿ ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡ. ಆ ಹೊಟ್ಟೆಗೇ.

"ಆಗಸ್ಟಲ್ಲಿ ನೀನು ಅಲ್ಲಿ ಬಿದ್ದಿದ್ದೆ. ನಾನಿಲ್ಲಿ ಗೊರಕೆ ಹೊಡೀತಿದ್ದೆ," ಅಂದ. "ಬೆಳಿಗ್ಗೆ ನಿನ್ನ ಹಾಸಿಗೆ ಖಾಲಿ ನೋಡಿದಾಗ ನನಗೆ ಹೇಗಾಯ್ತು ಗೊತ್ತಾ? ಇನ್ನೊಂದ್ಸಲ ಹಾಗೆ ಏಳೋಕೆ ನನ್ನ ಕೈಲಾಗಲ್ಲ."

"ಹೇಳ್ಬಾರದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ದೆ. ಚಂದ್ರನೂ ಬೇಡ, ನೀನೂ ಬೇಡ ಅಂದಿದ್ದೆಯಲ್ಲ."

ಅಂದಿದ್ದೆ. ತಮಾಷೆಗೆ. ಎಷ್ಟು ಆಳಕ್ಕೆ ಹೋಗಿತ್ತೋ ಅದು.

ತಪ್ಪು ನಿನ್ನದು ಎಷ್ಟು ನನ್ನದು ಎಷ್ಟು ಅಂತ ಸ್ವಲ್ಪ ಹೊತ್ತು ಜಗಳವಾಡಿದೆವು. ಬಗೆಹರಿಯಲಿಲ್ಲ. ಅವನು ತನ್ನ ತಟ್ಟೆಯ ಸಾಸೇಜನ್ನು ಪೂರ್ತಿ, ತುದಿಯನ್ನೂ ಇಟ್ಟುಕೊಳ್ಳದೆ, ನಾಯಿಗೆ ಹಾಕಿದ. "ತಗೋ ಮರಿ," ಅಂದ. ಆಮೇಲೆ ಹಿತ್ತಿಲಿಗೆ ಹೋಗಿ ಕತ್ತಲಾಗುವ ತನಕ ಸೌದೆ ಸೀಳಿದ. ಈ ವರ್ಷಕ್ಕೆ ಬೇಕಾದ್ದು ಯಾವಾಗಲೋ ಸೀಳಿಯಾಗಿತ್ತು.

ಅಕ್ಟೋಬರ್ 14, ಸೋಮವಾರ

ತಿಲ್ಮಾನ್‌ಗೆ ಫೋನು ಮಾಡಿದೆ. ಕೋವಿಗೆ ಸಿಕ್ಕಿಸುವ ಹಾವು ವಾಪಸ್. ಅದರ ಬದಲು ಕೈಯಲ್ಲಿ ಹಿಡಿಯುವ ಹಾವು. ಕೋವಿಗೆ ಗೂಬೆ ಇರಲಿ, ಕೂದಲು ಕಾಣಬೇಕು ನನಗೆ, ಕಿವಿ ಕಾಣಬೇಕು, ಏನು ಅಂತ ಗೊತ್ತಾಗಬೇಕು.

"ಮೊದಲೇ ಹೇಳಿದ್ನಲ್ಲ ಅತ್ತೆ."

"ಹೇಳಿದ್ದೆ ಕಣಪ್ಪ."

ಅಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ಹುಷಾರಿದ್ದೀರಾ ಅಂತ ಕೇಳಿದ.

ಹಿನ್ನೆರ್ಕ್‌ಗೆ ಹೇಳಿದೆ: "ಕೈಯ ಹಾವು ನಿನಗೆ. ನೀನು ನೋಡು. ನೀನು ಇಂಥದ್ದು ಅಂದಮೇಲೇ ನಾನು ಕೋವಿ ಎತ್ತೋದು. ನೀನು ಬೆಂಚಲ್ಲಿಲ್ಲದ ರಾತ್ರಿ ನಾನೂ ಇಲ್ಲ."

"ಕೆಮ್ಮಿದ್ರೆ?"

"ಕೆಮ್ಮು. ಕೆಮ್ಮಿದ್ರೆ ಎಲ್ಲಿದ್ದೀಯ ಅಂತಾದ್ರೂ ಗೊತ್ತಾಗುತ್ತೆ."

ಅಕ್ಟೋಬರ್ 18, ಶುಕ್ರವಾರ

ನಿನ್ನೆ ಹುಣ್ಣಿಮೆ. ಇಬ್ಬರೂ ಹೋದೆವು. ಹಿನ್ನೆರ್ಕ್ ಏಣಿಗೆ ಹೊಸ ಮೆಟ್ಟಿಲು ಹೊಡೆದಿದ್ದಾನೆ, ಕೋಳಿಬಲೆ ಸುತ್ತಿ, ಜಾರದ ಹಾಗೆ. ಹಂದಿ ಬಂದವು! ಕಾಲುವೆಗುಂಟ, ಸಾಲಾಗಿ. ಅವನು ಪಿಸುಗುಟ್ಟಿದ: "ಕೊನೇದು ಒಂದೇ ಇದೆ. ಒಂದು ವರ್ಷದ್ದು. ಮರಿ ಇಲ್ಲ, ಎರಡು ಸಲ ನೋಡ್ದೆ." ಕೋವಿ ಎತ್ತಿದೆ. ಬೆಳದಿಂಗಳು, ಗೂಬೆ, ಎಲ್ಲಾ ಸ್ಪಷ್ಟ. ಅಡ್ಡಕ್ಕೆ ನಿಂತಿತ್ತು. ಬೇಟೆ ಕಲಿಯುವವರೂ ಹೊಡೆಯಬಹುದಿತ್ತು.

ಆಗಲಿಲ್ಲ. ಬೆರಳು ಬಾಗುವುದೇ ಇಲ್ಲ. ಕೋವಿ ಇಳಿಸಿದೆ.

ಅವನು ಚಹಾ ಬಗ್ಗಿಸಿ ಕೊಟ್ಟ. ಹಂದಿಗಳು ಹುಲ್ಲು ಕೆದಕುವುದನ್ನು ಕೂತು ನೋಡಿದೆವು. ಓಲ್ಟ್‌ಮನ್ ನೋಡಿದ್ದರೆ ಇಬ್ಬರನ್ನೂ ಸೇರಿಸಿ ಹೊಡೆಯುತ್ತಿದ್ದ.

ನವೆಂಬರ್ 9, ಶನಿವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಹೋದೆವು, ಕೂತೆವು, ಬೆರಳು ಬಾಗಲಿಲ್ಲ, ಬಂದೆವು. ನಿನ್ನೆ ಸಭೆ.

ಹೋಟೆಲಿನ ದೊಡ್ಡ ಕೋಣೆ ತುಂಬಿತ್ತು. ಹಲ್ಲಿನ ಡಾಕ್ಟರೂ ಬಂದಿದ್ದ, ಹೊಸ ಹಸಿರು ಕೋಟು, ಒಳ್ಳೆ ಮನುಷ್ಯನ ಹಾಗೇ ಕಂಡ. ಓಲ್ಟ್‌ಮನ್ ಎದ್ದು ನಿಂತು ಕೇಳಿದ: "ವೀಬ್ಕೆ, ಸೆಪ್ಟೆಂಬರ್‌ನಿಂದ ಇಲ್ಲಿವರೆಗೆ ಎಷ್ಟು ಹಂದಿ?"

"ಒಂದೂ ಇಲ್ಲ."

"ಹೊಸ ಮಿಷನ್ ಬಂದ ಮೇಲೂ?"

"ಬಂದ ಮೇಲೂ."

ಕೋಣೆ ಪೂರ್ತಿ ಗುಸುಗುಸು. ಮುಗಿಯಿತು ಅಂದುಕೊಂಡೆ. ಅಪ್ಪನ ಕಾಡು ಹೋಯಿತು. ಆಗ ಪಕ್ಕದಲ್ಲಿ ಕುರ್ಚಿ ಸರಿದ ಸದ್ದು. ಹಿನ್ನೆರ್ಕ್ ಎದ್ದಿದ್ದ. ಹೊಳೆಯಂಚಿನಲ್ಲಿ ಅವನ ಹೆಸರಿಗೂ ಒಂದು ತುಂಡು ಹುಲ್ಲುಗಾವಲಿದೆ, ಅದಕ್ಕೇ ಸಭೆಗೆ ಬರುವುದು. ಆದರೆ ಇಷ್ಟು ವರ್ಷದಲ್ಲಿ ಒಂದು ದಿನ ಬಾಯಿ ತೆರೆದವನಲ್ಲ.

"ತಪ್ಪು ಅವಳದ್ದಲ್ಲ," ಅಂದ. ಕಿವಿ ಕೆಂಪಾಗಿತ್ತು. "ನಂದು. ಹೆಂಡ್ತಿ ಏಣಿಯಿಂದ ಮತ್ತೆ ಬೀಳ್ತಾಳೇನೋ ಅಂತ, ಅವಳಿಗೆ ಗೊತ್ತಾಗದ ಹಾಗೆ ನಾನೂ ಹೋಗ್ತಿದ್ದೆ. ಹೇಸಲ್ ಪೊದೆ ಹತ್ರ ಕೂರ್ತಿದ್ದೆ. ಗಾಳಿ ಬರೋ ಕಡೆ. ಸಾಸೇಜ್ ತಿನ್ಕೊಂಡು."

ಇಡೀ ಕೋಣೆ ಹೋ ಅಂತ ನಕ್ಕಿತು. ಬಿಯರ್ ಲೋಟಗಳು ಅಲುಗಾಡಿದವು. ಅಲ್ಲಿದ್ದವರಲ್ಲಿ ಅರ್ಧ ಜನ ಇವನ ಬಸ್ಸಿನಲ್ಲೇ ಶಾಲೆಗೆ ಹೋದವರು.

"ಹಿನ್ನೆರ್ಕ್ ಮಾಮ, ಸ್ನಾನ ಮಾಡ್ಕೊಂಡಾದ್ರೂ ಹೋಗ್ಬಾರದಿತ್ತಾ!"

"ಮೂಲಂಗಿ ತಿಂದಿದ್ಯೇನಪ್ಪಾ?"

ಓಲ್ಟ್‌ಮನ್ ಕಣ್ಣೊರೆಸಿಕೊಂಡ. "ಇದು ಗೊತ್ತಿದ್ರೆ ನನ್ನ ಹುಲ್ಲುಗಾವಲಿಗೆ ವಿದ್ಯುತ್ ಬೇಲಿ ಯಾಕೆ ಹಾಕ್ತಿದ್ದೆ? ಇವನನ್ನೇ ಒಂದು ಕುರ್ಚಿ ಹಾಕಿ ಕೂರಿಸ್ತಿದ್ದೆ!"

ಮತ್ತೆ ನಗು. ಹಲ್ಲಿನ ಡಾಕ್ಟರೂ ನಕ್ಕ. ಹಿನ್ನೆರ್ಕ್ ನಡುವೆ ನಿಂತು, ಪೆದ್ದು ಪೆದ್ದಾಗಿ ತಲೆಯಾಡಿಸುತ್ತ, ಎಲ್ಲರ ಮಾತನ್ನೂ ಹೊಟ್ಟೆಗೆ ಹಾಕಿಕೊಂಡ. ಕೋವಿಯ ವಿಷಯ ಒಂದಕ್ಷರ ಎತ್ತಲಿಲ್ಲ. ಆ ಅರ್ಧ ಕಥೆಯನ್ನು ಹಾಗೇ ನುಂಗಿಬಿಟ್ಟ. ಕೈ ಎತ್ತಿ ಅಂದಾಗ ಒಂದೆರಡು ಬಿಟ್ಟು ಎಲ್ಲಾ ಕೈ ಮೇಲೆ. ಗುತ್ತಿಗೆ ಮತ್ತೆ ನಮಗೇ.

ಎಲ್ಲರೂ ನಗುವಾಗ ನನಗೊಬ್ಬಳಿಗೆ ನಗು ಬರಲಿಲ್ಲ. ಆ ರಾತ್ರಿಯಿಂದ ಬಂದೇ ಇಲ್ಲ. ಮೇಜಿನ ಕೆಳಗೆ ಅವನ ಕೈ ಹಿಡಿದೆ, ಬೆವರಿನಿಂದ ತೊಯ್ದಿತ್ತು. ಇವನನ್ನು ನಾನು ಎಷ್ಟು ಪ್ರೀತಿಸುತ್ತೇನೆ ಅಂತ ಇಷ್ಟು ವರ್ಷ ಒಂದು ಸಲವೂ ಇಲ್ಲಿ ಬರೆದಿರಲಿಲ್ಲ. ಬರೆದೆ.

ನವೆಂಬರ್ 13, ಬುಧವಾರ

ನಿನ್ನೆ ಒಂದು ಬಿತ್ತು. ಒಂದು ವರ್ಷದ ಹಂದಿ, ಒಂದೇ ಈಡು, ಅಲ್ಲೇ. ಹಿನ್ನೆರ್ಕ್ ಬಹಳ ಹೊತ್ತು ನೋಡಿ, "ಹಂದಿನೇ. ನಾನು ಇಲ್ಲೇ ಇದ್ದೀನಿ," ಅಂದ. ತೋಳು ನನ್ನ ತೋಳಿಗೆ ತಾಗಿತ್ತು. ಬೆರಳು ಬಾಗಿತು.

ಸ್ಪ್ರೂಸ್ ಮರದ ಚಿಗುರು ಮುರಿದು ಹಂದಿಯ ಬಾಯಿಗಿಟ್ಟೆ, ಬೇಟೆಯವರ ಪದ್ಧತಿಯಂತೆ ಅದಕ್ಕೆ ಕೊನೆಯ ತುತ್ತು. ಇನ್ನೊಂದು ಚಿಗುರನ್ನು ಅವನು ನನ್ನ ಟೋಪಿಗೆ ಸಿಕ್ಕಿಸಿದ. ಇಬ್ಬರೂ ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತೆವು. ಓಲ್ಟ್‌ಮನ್‌ಗೆ ತೊಡೆ ಕಳಿಸಿದೆವು.

ನವೆಂಬರ್ 16, ಶನಿವಾರ, ಬೆಳಿಗ್ಗೆ

ನಿನ್ನೆ ಹುಣ್ಣಿಮೆ, ಭಯಂಕರ ಚಳಿ. ಹಂದಿ ಹಿಂಡೇ ಬಂದಿತ್ತು. ಹುಲ್ಲುಗಾವಲಿನ ನಡುವೆ ಕೆದಕುವುದು ಬರಿಗಣ್ಣಿಗೇ ಕಾಣುತ್ತಿತ್ತು. ಯಾವುದು ಮರಿಯಿಲ್ಲದ್ದು ಅಂತ ಹಿನ್ನೆರ್ಕ್ ಹೇಳಲಿ ಅಂತ ಕಾದೆ. ಕಾದೆ. ತಿರುಗಿ ನೋಡಿದರೆ ಹಾವು ಹುಲ್ಲುಗಾವಲಿನ ಕಡೆ ಇಲ್ಲ, ನನ್ನ ಮುಖಕ್ಕೇ ಹಿಡಿದಿದ್ದಾನೆ.

"ನಿನ್ನ ಮೂಗು ಪೂರ್ತಿ ಕಪ್ಪು," ಅಂತ ಪಿಸುಗುಟ್ಟಿದ. "ತಣ್ಣಗಾಗಿದೆ." ತನ್ನ ಸ್ಕಾರ್ಫ್ ಬಿಚ್ಚಿ ನನ್ನ ಮೂಗಿಗೆ ಸುತ್ತಿದ.

"ಹಂದಿ ನೋಡೋ ಅಂದ್ರೆ..."

"ನೋಡ್ತಾ ಇದ್ದೀನಲ್ಲ."

ನಗು ಬಂತು. ಎಲ್ಲಿತ್ತೋ ಅದು ಇಷ್ಟು ದಿನ. ಸ್ಕಾರ್ಫಿನೊಳಗೆ ತಡೆದೆ, ನಿಲ್ಲಲಿಲ್ಲ, ಜೋರಾಗಿ, ಬೆಂಚು ಅಲುಗಾಡುವ ಹಾಗೆ. ಅವನಿಗೂ ಹಿಡಿಯಿತು, ನಕ್ಕು ಕೆಮ್ಮಿದ, ಕೆಮ್ಮಿ ನಕ್ಕ. ಕೆಳಗೆ ಇಡೀ ಹಿಂಡು ದಿಕ್ಕಾಪಾಲು. ಓಲ್ಟ್‌ಮನ್ ಈಗ ಬಾಗಿಲು ಬಡಿಯುತ್ತಿದ್ದಾನೆ, ನಿನ್ನೆ ರಾತ್ರಿ ಅದೇನು ಗಲಾಟೆ ಅಂತ. ಹಿನ್ನೆರ್ಕ್ ಅಡುಗೆಮನೆಯಿಂದ ಕೂಗುತ್ತಿದ್ದಾನೆ, ಅವನಿಗೆ ಏನಂತ ಹೇಳೋದೇ ಅಂತ. ನಾನೇ ಹೋಗಿ ಹೇಳಬೇಕು, ಇಲ್ಲದಿದ್ದರೆ ಇವನು ಮತ್ತೆ ಎಲ್ಲಾ ತಪ್ಪು ತನ್ನ ಮೇಲೇ ಹಾಕಿಕೊಂಡು...